ಕಾಲೇಜಿನ ಮೊದಲ ವರ್ಷ: ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಿಂದ ಕಂಡದ್ದು

ಬಳ್ಳಾರಿಯ ಒಂದು ಪದವಿ ಕಾಲೇಜಿನ ಗೇಟಿಗೆ ಎದುರಾಗಿ ನಮ್ಮ ಜೆರಾಕ್ಸ್ ಅಂಗಡಿ ಇದೆ. ಎರಡು ಮಷಿನ್, ಒಂದು ಕಂಪ್ಯೂಟರ್, ಲ್ಯಾಮಿನೇಷನ್ ಮಾಡುವ ಪುಟ್ಟ ಮಷಿನ್, ಹೊರಗೆ ಒಂದು ಬೆಂಚು. ನಮ್ಮ ಮನೆಯವರು ಬೆಳಗ್ಗೆ ಶಟರ್ ಎತ್ತಿಕೊಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಸಂಜೆವರೆಗೆ ಕೌಂಟರಿನಲ್ಲಿ ನಾನೇ. ಏಳು ವರ್ಷವಾಯಿತು. 2024ರಲ್ಲಿ ನನ್ನ ತಂಗಿ ಇದೇ ಕಾಲೇಜಿನಲ್ಲಿ ಬಿ.ಕಾಂಗೆ ಸೇರಿದಳು. ಸಿರುಗುಪ್ಪ ತಾಲೂಕಿನ ನಮ್ಮೂರಿನಿಂದ ಬಂದು, ನಮ್ಮ ಮನೆಯಲ್ಲೇ ಇದ್ದು, ಮೊದಲ ವರ್ಷ ಮುಗಿಸಿದಳು. ಆ ಒಂದು ವರ್ಷ ಕಾಲೇಜು ಹೊಸ ಮಕ್ಕಳನ್ನು ಹೇಗೆ ನೋಡಿಕೊಂಡಿತು ಅನ್ನುವುದನ್ನು ಮನೆಯಿಂದಲೂ ನೋಡಿದೆ, ಅಂಗಡಿಯಿಂದಲೂ ನೋಡಿದೆ. ಅದರ ರಿವ್ಯೂ ಇದು. ಕಾಲೇಜಿನ ಹೆಸರು ಬರೆಯುವುದಿಲ್ಲ. ಒಂದು ಕಾಲೇಜನ್ನು ದೂರುವುದು ನನಗೆ ಬೇಕಿಲ್ಲ. ಮಗುವನ್ನು ಡಿಗ್ರಿಗೆ ಸೇರಿಸುವ ಅಪ್ಪ ಅವ್ವಂದಿರಿಗೆ ಏನು ನೋಡಬೇಕು ಅಂತ ಗೊತ್ತಾದರೆ ಸಾಕು.

ಅಡ್ಮಿಷನ್ ಸಮಯದಲ್ಲಿ ಬೆಂಚಿನ ಮೇಲೆ ಕೂತ ಜನ ನನ್ನನ್ನು ಕೇಳುವುದು ಮೂರೇ ಪ್ರಶ್ನೆ. ರಿಸಲ್ಟ್ ಹೆಂಗೈತಿ, ಫೀ ಎಷ್ಟು, ಹುಡುಗಿಯರಿಗೆ ಏನೂ ತೊಂದ್ರೆ ಇಲ್ಲಲ್ಲ. ಮೂರೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಸೇರಿದ ಮೊದಲ ಮೂರು ತಿಂಗಳು ಮಗು ತರಗತಿಗೆ ಬರದಿದ್ದರೆ ಅದು ಯಾರಿಗೆ ಗೊತ್ತಾಗುತ್ತದೆ ಅಂತ ಒಬ್ಬರೂ ಕೇಳಿದ್ದಿಲ್ಲ.

ನನಗೆ ಈ ಪ್ರಶ್ನೆ ದೊಡ್ಡದು, ಯಾಕೆಂದರೆ ನಾನೇ ಮೊದಲ ವರ್ಷದಲ್ಲಿ ಬಿಟ್ಟವಳು. 2013ರಲ್ಲಿ, ಬೇರೆ ಕಾಲೇಜಿನಲ್ಲಿ, ಇದೇ ಬಿ.ಕಾಂ. ದಸರಾ ರಜೆಗೆ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಅಪ್ಪ ಬಿಡಿಸಲಿಲ್ಲ. ಮದುವೆ ಮಾತು ಇರಲಿಲ್ಲ. ದುಡ್ಡಿನ ತಾಪತ್ರಯ ಇತ್ತು, ಆದರೆ ಅದಕ್ಕೆ ಬಿಟ್ಟದ್ದಲ್ಲ. ಎರಡೂವರೆ ತಿಂಗಳು ತರಗತಿಯಲ್ಲಿ ಕೂತು ನಾನು ಒಂದು ಮಾತೂ ಆಡಿರಲಿಲ್ಲ. ಪಿಯುಸಿವರೆಗೆ ಕನ್ನಡದಲ್ಲಿ ಓದಿದ್ದ ಲೆಕ್ಕಶಾಸ್ತ್ರ ಇದ್ದಕ್ಕಿದ್ದಂತೆ ಇಂಗ್ಲಿಷ್‌ನಲ್ಲಿ ಬಂತು. ಬೋರ್ಡಿನ ಮೇಲಿನ ಲೆಕ್ಕ ನನಗೆ ಬರುತ್ತಿತ್ತು, ಅದರ ಹೆಸರು ಗೊತ್ತಾಗುತ್ತಿರಲಿಲ್ಲ. ರಜೆ ಮುಗಿದು ಒಂದು ವಾರ ತಡವಾಯಿತು, ಆಮೇಲೆ ಎರಡು ವಾರ, ಆಮೇಲೆ ಹೋಗಲು ನಾಚಿಕೆ. ನಾನು ಬಿಟ್ಟದ್ದು ಊರಿಗೆಲ್ಲ ಗೊತ್ತಾಯಿತು, ಕಾಲೇಜಿಗೆ ಗೊತ್ತಾಗಲಿಲ್ಲ. ಒಂದು ಫೋನ್ ಬಂದಿದ್ದರೆ ಹೋಗುತ್ತಿದ್ದೆ ಅಂತ ಈಗಲೂ ಅನಿಸುತ್ತದೆ.

ಹಾಗಾಗಿ ತಂಗಿ ಸೇರಿದ ದಿನದಿಂದ ನಾನು ಕಣ್ಣಿಟ್ಟೇ ನೋಡಿದ್ದೇನೆ.

ಅವಳು ಸೇರಿದ ವರ್ಷ ಸುಲಭದ ವರ್ಷ ಆಗಿರಲಿಲ್ಲ. 2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಡಿಗ್ರಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿತ್ತು. ಇವಳದ್ದೇ ಮೊದಲ ಬ್ಯಾಚ್. ಸೀನಿಯರ್‌ಗಳ ನೋಟ್ಸ್ ತಂದರೆ ಸಿಲೆಬಸ್ ಬೇರೆ. ಯಾವ ಪುಸ್ತಕ ಅಂತ ಮೇಷ್ಟ್ರುಗಳಿಗೂ ಕೆಲವು ವಾರ ಖಚಿತ ಇರಲಿಲ್ಲ. ಅತಿಥಿ ಉಪನ್ಯಾಸಕರು ಬರುವುದು ತಡವಾಗಿ, ಎರಡು ವಿಷಯಕ್ಕೆ ಮೊದಲ ತಿಂಗಳು ಪಾಠವೇ ನಡೆಯಲಿಲ್ಲ. ಹೊಸ ಮಕ್ಕಳು ಬೆಳಗ್ಗೆ ಬಂದು, ಒಂದು ಗಂಟೆ ಕೂತು, ನಮ್ಮ ಬೆಂಚಿಗೆ ಬರುತ್ತಿದ್ದರು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ. ಬರುವ ಅಭ್ಯಾಸ ಬೆಳೆಯಬೇಕಾದ ತಿಂಗಳಲ್ಲಿ ಬೇಗ ಮನೆಗೆ ಹೋಗುವ ಅಭ್ಯಾಸ ಬೆಳೆಯಿತು. ನನ್ನ ಲೆಕ್ಕದಲ್ಲಿ ಇದು ಕಾಲೇಜಿನ ಮೊದಲ ಸೋಲು.

ಇಂಡಕ್ಷನ್ ಕಾರ್ಯಕ್ರಮ ನಡೆಯಿತು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2019ರಲ್ಲೇ ಇದಕ್ಕೊಂದು ಮಾರ್ಗಸೂಚಿ ಮಾಡಿದೆ, ದೀಕ್ಷಾರಂಭ ಅಂತ ಹೆಸರು. ಹೊಸಬರಿಗೆ ಜಾಗ ಪರಿಚಯವಾಗಬೇಕು, ಜೊತೆಯವರು, ಸೀನಿಯರ್‌ಗಳು, ಮೇಷ್ಟ್ರುಗಳು ಹತ್ತಿರವಾಗಬೇಕು, ಕಾಲೇಜಿನ ನಿಯಮ ತಿಳಿಯಬೇಕು ಅನ್ನುವುದು ಅದರ ಉದ್ದೇಶ. ಎಂಜಿನಿಯರಿಂಗ್ ಕಾಲೇಜುಗಳಿಗೆ ಅವುಗಳನ್ನು ನೋಡಿಕೊಳ್ಳುವ ಎಐಸಿಟಿಇ ಇದನ್ನೇ ಮೂರು ವಾರ ಮಾಡಿ ಅಂದಿದೆ. ಇಲ್ಲಿ ನಡೆದದ್ದು ಮೂರು ಗಂಟೆ. ಸಸಿಗೆ ನೀರು ಹಾಕಿ ಉದ್ಘಾಟನೆ, ಐದು ಭಾಷಣ, ಶಾಲು ಹಾರ, ಆಮೇಲೆ ಉಪ್ಪಿಟ್ಟು. ತಂಗಿ ಸಂಜೆ ಬಂದಾಗ "ಲೈಬ್ರರಿ ಎಲ್ಲೈತೇ?" ಅಂತ ಕೇಳಿದೆ. "ಗೊತ್ತಿಲ್ಲಕ್ಕ." ಹುಡುಗಿಯರ ಶೌಚಾಲಯ ಎಲ್ಲಿದೆ ಅಂತ ನಾಲ್ಕನೇ ದಿನ ಗೊತ್ತಾಯಿತು. ಅದೂ ಒಬ್ಬ ಸೀನಿಯರ್ ಹುಡುಗಿ ಕೈಹಿಡಿದು ತೋರಿಸಿದಳು. ಆ ಹುಡುಗಿಯ ಎರಡು ನಿಮಿಷ ನನ್ನ ತಂಗಿಗೆ ಆ ಐದು ಭಾಷಣಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ರ‍್ಯಾಗಿಂಗ್ ಬಗ್ಗೆ ಮಾತ್ರ ಚೆನ್ನಾಗಿ ಹೇಳಿದ್ದರು. ಯುಜಿಸಿಯ 2009ರ ನಿಯಮ, 1800-180-5522 ಅನ್ನುವ ಸಹಾಯವಾಣಿ ನಂಬರು, ಎರಡನ್ನೂ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬರೆಸಿದ್ದರು. ಇಲ್ಲಿ ಅಂಥ ಕಾಟ ನಾನು ಕಂಡಿಲ್ಲ.

ಆಗಸ್ಟ್‌ನಲ್ಲಿ ಅಂಗಡಿಗೆ ಬರುವ ಹೊಸ ಮಕ್ಕಳ ಪ್ರಶ್ನೆ ಕೇಳಿದರೆ ಕಾಲೇಜಿನಲ್ಲಿ ಏನು ಹೇಳಿಕೊಟ್ಟಿಲ್ಲ ಅಂತ ಗೊತ್ತಾಗುತ್ತದೆ. "ಯಕ್ಕಾ, ಯುಯುಸಿಎಂಎಸ್ ಅಂದ್ರೆ ಏನು?" "ಎಸ್‌ಎಸ್‌ಪಿ ಬೇರೆ, ಇದು ಬೇರೆನಾ?" "ಎಬಿಸಿ ಐಡಿ ಮಾಡ್ಸಬೇಕಂತೆ, ಮಾಡ್ಸಲಿಲ್ಲಂದ್ರೆ ಪರೀಕ್ಷೆಗೆ ಕೂರ್ಸಾದಿಲ್ವಾ?" ಮೊದಲನೆಯದು ಅಡ್ಮಿಷನ್, ಪರೀಕ್ಷೆ, ಫಲಿತಾಂಶಕ್ಕೆ ರಾಜ್ಯದ ವಿಶ್ವವಿದ್ಯಾಲಯಗಳೆಲ್ಲ ಬಳಸುವ ವ್ಯವಸ್ಥೆ. ಎರಡನೆಯದು ಸ್ಕಾಲರ್‌ಶಿಪ್ ಪೋರ್ಟಲ್. ಮೂರನೆಯದು ಪಾಸಾದ ವಿಷಯಗಳಿಗೆ ಮಗುವಿಗೆ ಸಿಗುವ ಕ್ರೆಡಿಟ್ ಕೂಡಿಡುವ ಖಾತೆ. ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು, ಅಲ್ವಾ? ಹೇಳದಿದ್ದರೆ ಮಗು ನಾಲ್ಕು ದಿನ ತರಗತಿ ಬಿಟ್ಟು ಓಡಾಡುತ್ತದೆ.

ಎಸ್‌ಎಸ್‌ಪಿ ಒಂದನ್ನೇ ನೋಡಿ. ಅರ್ಜಿ ಹಾಕಲು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರು ಬೇಕು. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರಬೇಕು, ದುಡ್ಡು ಅದಕ್ಕೇ ಬೀಳುವುದು. ಕಾಗದಗಳನ್ನು ಕಾಲೇಜಿನ ಇ-ಅಟೆಸ್ಟೇಷನ್ ಅಧಿಕಾರಿಗೆ ಒರಿಜಿನಲ್ ಸಮೇತ ತೋರಿಸಿ ದೃಢೀಕರಣ ಮಾಡಿಸಬೇಕು. ಆ ಅಧಿಕಾರಿ ಯಾರು, ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ನೋಟಿಸ್ ಬೋರ್ಡಿನಲ್ಲಿ ಒಂದು ಸಾಲು ಇರಲಿಲ್ಲ. ಕೊನೆಗೆ ನಾನೇ ಕಾಲೇಜಿನ ಅಟೆಂಡರ್ ಅಣ್ಣನನ್ನು ಕೇಳಿ, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಅಂಗಡಿ ಗಾಜಿಗೆ ಅಂಟಿಸಿದೆ. ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆ ನೆರವು ಕೊಡುವ ವಿದ್ಯಾಸಿರಿ ಬಗ್ಗೆಯೂ ಎಷ್ಟೋ ಮಕ್ಕಳು ಮೊದಲು ಕೇಳಿದ್ದು ನಮ್ಮ ಕೌಂಟರಿನಲ್ಲೇ. ನಾನು ಖುಷಿಯಿಂದ ಹೇಳುತ್ತೇನೆ, ಅದು ಬೇರೆ ಮಾತು. ಆದರೆ ನನ್ನ ಅಂಗಡಿಗೆ ಬರದ ಮಗುವಿಗೆ ಯಾರು ಹೇಳಬೇಕು?

ಆಫೀಸ್ ಕಿಟಕಿಗೆ ನಾನು ಕೊಡುವ ಅಂಕ ತೀರಾ ಕಡಿಮೆ. ಗುಮಾಸ್ತರು ಕೆಟ್ಟವರಲ್ಲ. ಅಷ್ಟು ಮಕ್ಕಳಿಗೆ ಇಬ್ಬರೇ ಇದ್ದಾರೆ, ಅವರಿಗೂ ಸುಸ್ತು. ಆದರೆ "ನಾಳೆ ಬಾ" ಅನ್ನುವ ಮಾತು ಊರಿನಿಂದ ಎರಡು ಬಸ್ ಹತ್ತಿ ಬಂದ ಮಗುವಿಗೆ ಎಷ್ಟು ಭಾರ ಅಂತ ಅವರು ಯೋಚಿಸಬೇಕು.

ಇನ್ನು ಪಾಠದ ವಿಷಯ. ತಂಗಿ ಸೇರಿ ಮೂರು ವಾರವಾಗಿತ್ತು. ಒಂದು ರಾತ್ರಿ ಊಟಕ್ಕೆ ಕೂತವಳು ರೊಟ್ಟಿ ಮುರಿದು ಹಾಗೇ ಇಟ್ಟಳು. "ಅಕ್ಕ, ನಂಗೆ ಏನೂ ತಿಳಿಯಾದಿಲ್ಲ" ಅಂದಳು. ನೋಟ್‌ಬುಕ್ ತಂದು ತೋರಿಸು ಅಂದೆ. ಡಿಪ್ರಿಸಿಯೇಷನ್ ಅಂತ ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು. "ಇದು ಸವಕಳಿ ಕಣೇ" ಅಂದೆ. ಅವಳು ನನ್ನ ಮುಖ ನೋಡಿದಳು. ಪಿಯುಸಿಯಲ್ಲಿ ಸವಕಳಿ ಲೆಕ್ಕದಲ್ಲಿ ಪೂರ್ತಿ ಅಂಕ ತೆಗೆದ ಹುಡುಗಿ ಅವಳು. ಹನ್ನೊಂದು ವರ್ಷದ ಹಿಂದೆ ನಾನೂ ಅದೇ ಶಬ್ದದ ಮುಂದೆ ಕೂತು ಅತ್ತಿದ್ದೆ. ನನಗೆ ಹೇಳುವವರಿರಲಿಲ್ಲ.

ಮಾರನೇ ವಾರ ಒಬ್ಬ ಮೇಡಂ ಅಂಗಡಿಗೆ ಬಂದರು. ಆಗಷ್ಟೇ ಸೇರಿದ್ದ ಅತಿಥಿ ಉಪನ್ಯಾಸಕಿ. ಕೈಯಲ್ಲಿ ಎ4 ಹಾಳೆ, ಎರಡೂ ಕಡೆ ಬರೆದದ್ದು. ಎಡಗಡೆ ಕನ್ನಡ, ಬಲಗಡೆ ಅದರ ಇಂಗ್ಲಿಷ್, ನಡುವೆ ಗೀಟು. ಸವಕಳಿಗೆ ಡಿಪ್ರಿಸಿಯೇಷನ್. ತಾಳೆಪಟ್ಟಿಗೆ ಟ್ರಯಲ್ ಬ್ಯಾಲೆನ್ಸ್. ಅಢಾವೆ ಪತ್ರಿಕೆಗೆ ಬ್ಯಾಲೆನ್ಸ್ ಶೀಟ್. ಋಣಿಗಳು, ಧನಿಗಳು ಎರಡರ ಮುಂದೆ ಇಂಗ್ಲಿಷ್ ಬರೆದು, ಮಕ್ಕಳು ಅದಲು ಬದಲು ಮಾಡಿಕೊಳ್ಳಬಾರದು ಅಂತ ಪಕ್ಕದಲ್ಲಿ ಒಂದೊಂದು ಸಾಲಿನ ಉದಾಹರಣೆ: ನಮಗೆ ಕೊಡಬೇಕಾದವರು, ನಾವು ಕೊಡಬೇಕಾದವರು. ಇಂಗ್ಲಿಷ್ ಶಬ್ದವನ್ನು ಹೇಗೆ ಅನ್ನಬೇಕು ಅಂತ ಕನ್ನಡ ಅಕ್ಷರದಲ್ಲೂ ಬರೆದಿದ್ದರು. ಕೆಳಗೆ ನೀಲಿ ಪೆನ್ನಿನಲ್ಲಿ, "ತಿಳಿಯದಿದ್ದರೆ ಮಧ್ಯಾಹ್ನ ಒಂದೂವರೆಗೆ ಸ್ಟಾಫ್ ರೂಮಿಗೆ ಬನ್ನಿ. ಒಬ್ಬರೇ ಬರಲು ಹಿಂಜರಿಕೆ ಆದರೆ ಇಬ್ಬರು ಬನ್ನಿ."

ತೊಂಬತ್ತು ಪ್ರತಿ ತೆಗೆಸಿದರು. ದುಡ್ಡು ತಮ್ಮ ಪರ್ಸಿನಿಂದ ಕೊಟ್ಟರು. ಕಾಲೇಜಿನ ಹೆಸರಿಗೆ ಬಿಲ್ ಬರೆಯಲಾ ಅಂದರೆ ಬೇಡ ಅಂದರು. ನಾನು ಮಷಿನ್ ಮುಂದೆ ನಿಂತು ಒಂದೊಂದೇ ಹಾಳೆ ಬೀಳುವುದನ್ನು ನೋಡುತ್ತಿದ್ದೆ. ಇನ್ನೂ ಬಿಸಿಯಾಗಿದ್ದ ಕಟ್ಟನ್ನು ಅವರ ಕೈಗೆ ಕೊಡುವಾಗ ಗಂಟಲು ಕಟ್ಟಿತು. ಒಂದು ಪ್ರತಿ ನಾನೂ ಇಟ್ಟುಕೊಂಡೆ, ಕೇಳಿಯೇ ಇಟ್ಟುಕೊಂಡೆ.

ತಂಗಿ ಮತ್ತು ಅವಳ ಗೆಳತಿ ಆ ವಾರವೇ ಒಂದೂವರೆಗೆ ಸ್ಟಾಫ್ ರೂಮಿಗೆ ಹೋದರು. ಇಬ್ಬರೇ ಹೋಗಿದ್ದು. ಮುಂದಿನ ವಾರ ಏಳು ಜನ. ಕಾಲೇಜು ಅಂದರೆ ತನ್ನದೂ ಜಾಗ ಅಂತ ತಂಗಿಗೆ ಅನಿಸಿದ್ದು ಅಲ್ಲಿಂದ. ಆ ಮೇಡಂ ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ. ಬರದಿದ್ದ ದಿನ ಮಾರನೇ ದಿನ ಕೇಳುತ್ತಾರೆ. ಈ ರಿವ್ಯೂನಲ್ಲಿ ಐದಕ್ಕೆ ಐದು ಕೊಡುವುದು ಆ ಒಂದು ಹಾಳೆಗೆ, ಆ ಒಂದೂವರೆ ಗಂಟೆಯ ಹೊತ್ತಿಗೆ. ಆದರೆ ಅದು ಕಾಲೇಜಿನ ವ್ಯವಸ್ಥೆ ಅಲ್ಲ, ಒಬ್ಬರ ಒಳ್ಳೆಯತನ. ಮುಂದಿನ ವರ್ಷ ಅವರ ಹೆಸರು ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಬರದಿದ್ದರೆ ಹಾಳೆಯೂ ಇಲ್ಲ.

ಬಸ್ಸಿನ ಮಾತು ಹೇಳಲೇಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ಹುಡುಗಿಯರಿಗೆ ಕಾಲೇಜು ನಿಜವಾಗಿ ಹತ್ತಿರವಾಗಿದೆ. ಕುರುಗೋಡು, ಕಂಪ್ಲಿ, ತೆಕ್ಕಲಕೋಟೆ ಕಡೆಯಿಂದ ದಿನಾ ಓಡಾಡುತ್ತಾರೆ. ಬಸ್ ಚಾರ್ಜು ನೋಡಿ "ಬ್ಯಾಡ" ಅನ್ನುತ್ತಿದ್ದ ಮನೆಗಳಲ್ಲಿ ಈಗ ಆ ಮಾತಿಲ್ಲ. ಆದರೆ ಬೆಳಗಿನ ಬಸ್ ತುಂಬಿ ಬರುತ್ತದೆ, ಕೆಲವೊಮ್ಮೆ ನಿಲ್ಲುವುದೇ ಇಲ್ಲ. ಮೊದಲ ಪಿರಿಯಡ್ ಒಂಬತ್ತೂವರೆಗೆ. ಹಳ್ಳಿ ಮಕ್ಕಳು ಮುಟ್ಟುವುದು ಹತ್ತಕ್ಕೆ. ಆ ಮೊದಲ ಪಿರಿಯಡ್ಡೇ ವಾರದಲ್ಲಿ ನಾಲ್ಕು ದಿನ ಅಕೌಂಟೆನ್ಸಿ. ದಿನಾ ಗೈರು ಬೀಳುತ್ತದೆ, 75 ಪರ್ಸೆಂಟ್ ಹಾಜರಾತಿ ಇಲ್ಲ ಅಂತ ನೋಟಿಸ್ ಬೋರ್ಡಿಗೆ ಹೆಸರು ಬರುತ್ತದೆ. ಕಷ್ಟದ ವಿಷಯವನ್ನು ಹನ್ನೊಂದಕ್ಕೆ ಹಾಕಿದ್ದರೆ ಖರ್ಚಿಲ್ಲದೆ ಅರ್ಧ ತೊಂದರೆ ತಪ್ಪುತ್ತಿತ್ತು. ಟೈಮ್ ಟೇಬಲ್ ಮಾಡುವವರು ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಬೇಕು ಅಂತ ನನ್ನ ಕೋರಿಕೆ. ಇದನ್ನು ನಾನು ಎದುರಿಗೇ ಹೇಳಿದ್ದೇನೆ.

ತಂಗಿಯ ಜೊತೆ ಸ್ಟಾಫ್ ರೂಮಿಗೆ ಹೋದಳು ಅಂದೆನಲ್ಲ, ಆ ಗೆಳತಿ ಕುರುಗೋಡು ಕಡೆಯವಳು. ಜಾಣೆ. ಮೇಡಂ ಒಬ್ಬರನ್ನು ಬಿಟ್ಟರೆ ಕಾಲೇಜಿನಲ್ಲಿ ಬೇರೆ ಯಾರಿಗೂ ಅವಳ ಗುರುತು ಇರಲಿಲ್ಲ. ದೀಪಾವಳಿಗೆ ಹೋದವಳು ಹತ್ತಿ ಬಿಡಿಸುವ ಕೆಲಸಕ್ಕೆ ನಿಂತಳು. ನಮ್ಮ ಕಡೆ ಅದು ಹೊಸದಲ್ಲ. ಭತ್ತದ ನಾಟಿ, ಹತ್ತಿ, ಆಮೇಲೆ ಮೆಣಸಿನಕಾಯಿ, ಹೊಲದ ಕೆಲಸ ಬಂದಾಗ ಹಾಜರಿ ಪುಸ್ತಕದಲ್ಲಿ ಖಾಲಿ ಬೀಳುತ್ತದೆ. ಎರಡು ವಾರದ ಕೂಲಿಗೆ ಹೋದ ಮಗುವನ್ನು ಆ ಎರಡು ವಾರದಲ್ಲೇ ಕರೆದರೆ ಬರುತ್ತದೆ. ತಿಂಗಳು ದಾಟಿದರೆ ನಾಚಿಕೆ ಶುರು. ಅಷ್ಟರಲ್ಲಿ ಮೇಡಂ ಹೆರಿಗೆಯಾದ ತಮ್ಮ ತಂಗಿಯನ್ನು ನೋಡಿಕೊಳ್ಳಲು ರಜೆ ಹಾಕಿದ್ದರು. ನನ್ನ ತಂಗಿ ಆಫೀಸಿಗೆ ಹೋಗಿ, "ಅವಳ ಮನೆಗೆ ಒಂದು ಫೋನ್ ಮಾಡ್ರಿ ಸರ್" ಅಂದಳಂತೆ. "ಅವರಪ್ಪ ಬಂದು ಮಾತಾಡಲಿ" ಅಂದರಂತೆ.

ಅವರಪ್ಪ ಡಿಸೆಂಬರ್‌ನಲ್ಲಿ ಬಂದರು, ಮಾರ್ಕ್ಸ್ ಕಾರ್ಡ್ ಮತ್ತು ಟಿಸಿ ವಾಪಸ್ ಪಡೆಯಲು. ನಮ್ಮ ಬೆಂಚಿನ ಮೇಲೆ ಕೂತರು. ಬಿಳಿ ಪಂಚೆ, ಕೈಯಲ್ಲಿ ಪ್ಲಾಸ್ಟಿಕ್ ಕವರ್. ನೋ ಡ್ಯೂಸ್ ಫಾರ್ಮ್ ತುಂಬಿಕೊಡಮ್ಮಾ ಅಂದರು. ಆ ಫಾರ್ಮನ್ನು ನಾನು ನೂರಾರು ಸಲ ಜೆರಾಕ್ಸ್ ಮಾಡಿದ್ದೇನೆ, ಅಂದು ಮೊದಲ ಸಲ ಸರಿಯಾಗಿ ಓದಿದೆ. ಲೈಬ್ರರಿ ಬಾಕಿ ಇಲ್ಲ, ಸಹಿ. ಲ್ಯಾಬ್ ಬಾಕಿ ಇಲ್ಲ, ಸಹಿ. ಕ್ರೀಡಾ ವಿಭಾಗ, ಸಹಿ. ಫೀ, ಸಹಿ. ಐದು ಜನ ಸಹಿ ಹಾಕಬೇಕು. ಮಗು ಯಾಕೆ ಬಿಡುತ್ತಿದೆ ಅಂತ ಕೇಳುವ ಒಂದು ಸಾಲು ಆ ಹಾಳೆಯಲ್ಲಿ ಇಲ್ಲ. ಅವರಪ್ಪ ಐದು ಕೋಣೆ ಸುತ್ತಿ ಬಂದರು. "ಯಾಕೆ ಬಿಡಿಸ್ತೀರಿ ಅಂತ ಯಾರಾದ್ರೂ ಕೇಳಿದ್ರಾ ಅಪ್ಪಾ?" ಅಂದೆ. "ಇಲ್ಲವ್ವ, ಲೈಬ್ರರಿ ಪುಸ್ತಕ ಕೊಟ್ಟೀಯೇನು ಅಂತ ಕೇಳಿದ್ರು" ಅಂದರು. ಆ ಜೆರಾಕ್ಸಿಗೆ ದುಡ್ಡು ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ.

ಮೆಂಟರ್ ಪಟ್ಟಿ ಅಂತ ಒಂದಿದೆ. ಇಂತಿಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು, ಅವರ ಕಷ್ಟಸುಖ ನೋಡಿಕೊಳ್ಳಬೇಕು ಅಂತ. ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್ ಕೂಡ ಇದನ್ನು ಕೇಳುತ್ತದೆ. ಒಳ್ಳೆಯ ಏರ್ಪಾಡು. ಆದರೆ ನಮ್ಮ ಅಂಗಡಿಗೆ ಆ ಪಟ್ಟಿ ಪ್ರಿಂಟಿಗೆ ಬಂದದ್ದು ಜನವರಿಯಲ್ಲಿ. ಕುರುಗೋಡಿನ ಹುಡುಗಿಯ ಹೆಸರೂ ಅದರಲ್ಲಿತ್ತು, ಅವಳು ಹೋಗಿ ತಿಂಗಳಾಗಿತ್ತು. ತಂಗಿಯ ಮೆಂಟರ್ ಅಂತ ಬರೆದಿದ್ದ ಸರ್ ಹೆಸರನ್ನು ತಂಗಿ ಮೊದಲ ಸಲ ಕೇಳಿದ್ದು ನನ್ನ ಬಾಯಿಂದ.

ಜೂನ್‌ನಲ್ಲಿ ಫೀಡ್‌ಬ್ಯಾಕ್ ಫಾರ್ಮ್ ಬಂತು. ನ್ಯಾಕ್ 2017ರಿಂದ ಮಾಡುವ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ಪ್ರಶ್ನೆಗಳನ್ನೇ ಇಟ್ಟುಕೊಂಡು ಕಾಲೇಜು ಮಾಡಿಸಿತ್ತು. ಪಾಠ ಎಷ್ಟು ಮುಗಿಸಿದರು, ಮೇಷ್ಟ್ರು ಎಷ್ಟು ತಯಾರಿ ಮಾಡಿಕೊಂಡು ಬರುತ್ತಾರೆ, ಮೆಂಟರ್ ಕೊಟ್ಟ ಕೆಲಸವನ್ನು ಮತ್ತೆ ವಿಚಾರಿಸುತ್ತಾರಾ ಅಂತ ಇಪ್ಪತ್ತು ಪ್ರಶ್ನೆ, ಇಪ್ಪತ್ತೊಂದನೆಯದು ಸಲಹೆಗೆ. ಪ್ರಶ್ನೆಗಳು ಸರಿಯಾಗಿಯೇ ಇವೆ. ನನ್ನ ತಕರಾರು ಬೇರೆ. ವರ್ಷದ ಕೊನೆಗೆ ಕೇಳಿದರೆ ಉತ್ತರ ಕೊಡುವವರು ಉಳಿದವರು ಮಾತ್ರ. ಬಿಟ್ಟು ಹೋದವರ ಅಂಕ ಯಾವ ಕಾಲಂನಲ್ಲೂ ಇಲ್ಲ. ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ 2021-22ಕ್ಕೆ ದೇಶದ ದಾಖಲಾತಿ ಪ್ರಮಾಣ 28.4 ಪರ್ಸೆಂಟ್ ಅಂತ ಹೇಳುತ್ತದೆ, 18ರಿಂದ 23 ವಯಸ್ಸಿನವರ ಲೆಕ್ಕದಲ್ಲಿ. ಆ ಸಂಖ್ಯೆ ಸೇರಿದವರದ್ದು. ನಾನೂ 2013ರಲ್ಲಿ ಅಂಥ ಒಂದು ಸಂಖ್ಯೆಯಲ್ಲಿ ಸೇರಿದ್ದೆ.

ಅಂಗಡಿಗೆ ಒಬ್ಬ ಹಿರಿಯ ಮೇಡಂ ಬರುತ್ತಾರೆ, ಶಿಕ್ಷಣದ ವಿಷಯದಲ್ಲೇ ಪಿಎಚ್.ಡಿ ಮಾಡುತ್ತಿದ್ದಾರೆ. ಅವರ ಕಾಗದ ಸ್ಪೈರಲ್ ಬೈಂಡಿಂಗ್ ಮಾಡುವಾಗ ಈ ಮಾತು ಬಂತು. ಅಮೆರಿಕದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದವರು 2000ದಿಂದ ಒಂದು ಸಮೀಕ್ಷೆ ನಡೆಸುತ್ತಾರಂತೆ, ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ ಕೇಳುತ್ತಾರಂತೆ. ಅದರಲ್ಲಿ ಖುಷಿಯಾಗಿದ್ದೀರಾ ಅಂತ ಕೇಳುವುದಕ್ಕಿಂತ ಏನು ಮಾಡಿದಿರಿ ಅಂತ ಕೇಳುವುದು ಜಾಸ್ತಿ. ತರಗತಿಯಲ್ಲಿ ಎಷ್ಟು ಸಲ ಪ್ರಶ್ನೆ ಕೇಳಿದಿರಿ, ಮೇಷ್ಟ್ರ ಜೊತೆ ಎಷ್ಟು ಸಲ ಮಾತಾಡಿದಿರಿ, ವಾರಕ್ಕೆ ಎಷ್ಟು ಗಂಟೆ ಓದಿಗೆ ಕೂತಿರಿ. ವಿನ್ಸೆಂಟ್ ಟಿಂಟೋ ಅನ್ನುವವರು 1975ರಲ್ಲೇ ಬರೆದಿದ್ದಾರಂತೆ, ಮಗು ಕಾಲೇಜು ಬಿಡುವುದು ಅದರ ಬುದ್ಧಿ ಕಡಿಮೆ ಅಂತ ಮಾತ್ರವಲ್ಲ, ಓದಿನ ಜೊತೆಗೂ ಅಲ್ಲಿನ ಜನರ ಜೊತೆಗೂ ನಂಟು ಬೆಳೆಯದಿದ್ದರೆ ಬಿಡುತ್ತದೆ ಅಂತ. ನಾನು ಬೈಂಡಿಂಗ್ ನಿಲ್ಲಿಸಿ ಕೇಳಿದೆ. ನಾನು ದಡ್ಡಿ ಅಂತ ಹನ್ನೊಂದು ವರ್ಷ ನಂಬಿಕೊಂಡಿದ್ದೆ.

ಆ ದಿನದಿಂದ ಕೌಂಟರಿಗೆ ಬರುವ ಮೊದಲ ವರ್ಷದ ಮಕ್ಕಳನ್ನು ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಿನ್ನನ್ನು ಹೆಸರು ಹಿಡಿದು ಕರೆಯುವ ಮೇಷ್ಟ್ರು ಒಬ್ಬರಾದರೂ ಇದ್ದಾರಾ? ಇದ್ದಾರೆ ಅನ್ನುವವರು ಬೇಗ ಹೇಳುತ್ತಾರೆ, ಹೆಸರನ್ನೂ ಹೇಳುತ್ತಾರೆ. ಇಲ್ಲದವರು ಸುಮ್ನೆ ನಿಂತು ಜೆರಾಕ್ಸ್ ಹಾಳೆ ಎಣಿಸುತ್ತಾರೆ.

ಒಳ್ಳೆಯದೂ ಇದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಲೈಬ್ರರಿ ಸಂಜೆ ಐದೂವರೆವರೆಗೆ ತೆರೆದಿರುತ್ತದೆ. ಅಲ್ಲಿನ ಸರ್ ಹೊಸ ಮಕ್ಕಳಿಗೆ ಕಾರ್ಡ್ ಅದೇ ದಿನ ಕೊಡುತ್ತಾರೆ. ಎನ್‌ಎಸ್‌ಎಸ್ ಘಟಕಕ್ಕೆ ಸೇರಿದ ಮಕ್ಕಳಲ್ಲಿ ಕಾಲೇಜು ಬಿಟ್ಟವರನ್ನು ನಾನು ಕಂಡಿಲ್ಲ. ಭಾನುವಾರ ಕೂಡ ಒಟ್ಟಿಗೆ ಸಿಗುತ್ತಾರೆ, ಒಬ್ಬರು ಬರದಿದ್ದರೆ ಉಳಿದವರೇ ಫೋನ್ ಮಾಡುತ್ತಾರೆ. ದೈಹಿಕ ಶಿಕ್ಷಣದ ಸರ್ ಕೊಕ್ಕೊ ಆಡುವ ಹುಡುಗಿಯರಿಗೆ ಬೆಳಗ್ಗೆ ಬಾಳೆಹಣ್ಣು ತರುತ್ತಾರೆ. ಅವರ ಟೀಮಿನ ಹುಡುಗಿಯರು ಗೇಟಿನಿಂದ ಬರುವುದನ್ನು ನೋಡಿದರೇ ಗೊತ್ತಾಗುತ್ತದೆ, ತಲೆ ಎತ್ತಿ ನಡೆಯುತ್ತಾರೆ. ಆದರೆ ಇಂಥದ್ದು ಸಿಗುವುದು ತಾನಾಗಿ ಮುಂದೆ ಬಂದ ಮಗುವಿಗೆ. ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂತ ಮಗುವನ್ನು ಹುಡುಕಿಕೊಂಡು ಹೋಗುವ ಏರ್ಪಾಡು ಇಲ್ಲ.

ಒಟ್ಟು ಐದಕ್ಕೆ ಎರಡೂವರೆ ಕೊಡುತ್ತೇನೆ. ಅದರಲ್ಲಿ ಒಂದೂವರೆ ಆ ಅತಿಥಿ ಮೇಡಂದು.

ಈ ಸಲ ಮಗುವನ್ನು ಯಾವುದೇ ಕಾಲೇಜಿಗೆ ಸೇರಿಸುವವರು ಒಂದು ಕೆಲಸ ಮಾಡಿ. ಅಡ್ಮಿಷನ್ ದಿನವೇ ಮೆಂಟರ್ ಯಾರು ಅಂತ ಕೇಳಿ, ಹೆಸರು ಬರೆಸಿಕೊಳ್ಳಿ, ಹೋಗಿ ಮುಖ ನೋಡಿ ಮಾತಾಡಿಸಿ. ನಿಮ್ಮ ನಂಬರ್ ಅವರ ಫೋನಿನಲ್ಲಿ ಇರಲಿ. ಪಿಯುಸಿ ಕನ್ನಡದಲ್ಲಿ ಓದಿದ ಮಗುವಾದರೆ ಹಳೆಯ ಪಠ್ಯಪುಸ್ತಕಗಳನ್ನು ಮಾರಬೇಡಿ, ಮೊದಲ ವರ್ಷ ಪೂರ್ತಿ ಬೇಕಾಗುತ್ತವೆ. ಕೆಲಸದ ದಿನಗಳಲ್ಲಿ ಮಗುವನ್ನು ಹೊಲಕ್ಕೆ ಕರೆಯಲೇಬೇಕಾದರೆ, ಎಷ್ಟು ದಿನ ಅಂತ ಒಂದು ಚೀಟಿ ಬರೆದು ಕಾಲೇಜಿಗೆ ಕೊಟ್ಟು ಕರೆಯಿರಿ. ವಾಪಸ್ ಹೋಗುವಾಗ ಮಗುವಿಗೆ ನಾಚಿಕೆ ಆಗುವುದಿಲ್ಲ.

ಮೊದಲ ವರ್ಷದ ರಿಸಲ್ಟ್ ಬಂತು, ತಂಗಿ ಪಾಸಾಗಿದ್ದಾಳೆ. ಅಕೌಂಟೆನ್ಸಿಯಲ್ಲೇ ಜಾಸ್ತಿ ಅಂಕ. ಇಪ್ಪತ್ತೊಂದನೇ ಪ್ರಶ್ನೆಗೆ ಅವಳು ಬರೆದದ್ದು ಒಂದೇ ಸಾಲು, "ಬರದವರಿಗೆ ಫೋನ್ ಮಾಡಿ." ನಾನು ಇಲ್ಲಿ ಬರೆದ ಸಂಗತಿಗಳನ್ನೇ ಒಂದು ಹಾಳೆಗೆ ಟೈಪ್ ಮಾಡಿ ಪ್ರಾಂಶುಪಾಲರಿಗೆ ಕೊಟ್ಟು ಬಂದೆ. ಕೂರಿಸಿ ಮಾತಾಡಿಸಿದರು, ಪೂರ್ತಿ ಓದಿದರು.

ಮೊನ್ನೆ ಆಗಸ್ಟ್‌ನಲ್ಲಿ ಅಟೆಂಡರ್ ಅಣ್ಣ ಒಂದು ಪೆನ್‌ಡ್ರೈವ್ ತಂದುಕೊಟ್ಟ. ಈ ವರ್ಷದ ಹೊಸ ಮಕ್ಕಳ ಮೆಂಟರ್ ಪಟ್ಟಿ. ಕಳೆದ ಸಲ ಜನವರಿಯಲ್ಲಿ ಬಂದದ್ದು ಈ ಸಲ ತರಗತಿ ಶುರುವಾದ ಎರಡನೇ ವಾರ. ಮಕ್ಕಳ ಹೆಸರಿನ ಮುಂದೆ ಮನೆಯವರ ಫೋನ್ ನಂಬರಿಗೆ ಹೊಸ ಕಾಲಂ ಹಾಕಿದ್ದಾರೆ, ಅರ್ಧ ತುಂಬಿದೆ, ಅರ್ಧ ಖಾಲಿ. ಅದರ ಜೊತೆಗೇ ಮೇಡಂ ಹಾಳೆ, ಈಗ ಟೈಪ್ ಮಾಡಿದ್ದು, ನೂರಿಪ್ಪತ್ತು ಪ್ರತಿ. "ಬಿಲ್ ಯಾರ ಹೆಸರಿಗಣ್ಣಾ?" ಅಂದೆ. "ಕಾಲೇಜಿನ ಹೆಸರಿಗೇ ಬರಿಯಮ್ಮ" ಅಂದ.

ಆ ಖಾಲಿ ನಂಬರುಗಳು ತುಂಬಿದವಾ, ಫೋನ್ ಹೋಯಿತಾ ಅಂತ ನೋಡಿಕೊಂಡು, ಹತ್ತಿ ಬಿಡಿಸುವ ಕಾಲ ಮುಗಿದ ಮೇಲೆ ಅಂಕ ತಿದ್ದುತ್ತೇನೆ. ಕುರುಗೋಡಿನ ಹುಡುಗಿಗೆ ತಂಗಿ ಭಾನುವಾರ ಫೋನ್ ಮಾಡಿದ್ದಳು. ಮತ್ತೆ ಸೇರಬೇಕು ಅಂದರೆ ಯಾವ್ಯಾವ ಕಾಗದ ಬೇಕು ಅಂತ ಅವಳು ಕೇಳಿದಳಂತೆ. ಬರೆದಿಟ್ಟಿದ್ದೇನೆ.